ಬೆಟ್ಟದ ಸರೋವರಗಳಿಗೆ ಟ್ರೌಟ್ ಬಿತ್ತಿದ ಕಥೆ

1876ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನ ದಕ್ಷಿಣ ಭಾಗದಲ್ಲಿ ಒಂದು ಮರ ಕೊಯ್ಯುವ ಮಿಲ್ಲಿತ್ತು. ಮಿಲ್ಲಿನ ಕಡೆಯವರು ಮಲ್ಕಿ ಎಂಬ ತೊರೆಯಲ್ಲಿ ಹನ್ನೆರಡೋ ಹದಿಮೂರೋ ಗೋಲ್ಡನ್ ಟ್ರೌಟ್ ಮೀನು ಹಿಡಿದು, ಕಾಫಿ ಕಾಸುವ ಪಾತ್ರೆಯಲ್ಲಿ ಹಾಕಿಕೊಂಡು, ದಿಬ್ಬ ದಾಟಿ ಪಕ್ಕದ ಕಾಟನ್‌ವುಡ್ ತೊರೆಗೆ ಬಿಟ್ಟರು. ಅಲ್ಲಿಯವರೆಗೆ ಆ ತೊರೆಯಲ್ಲಿ ಮೀನೇ ಇರಲಿಲ್ಲ. ಬಿಟ್ಟ ಮೀನು ಚೆನ್ನಾಗಿ ಒಗ್ಗಿಕೊಂಡು ಹೆಚ್ಚಿದವು. 1891ರಲ್ಲಿ ಅವುಗಳ ಸಂತತಿಯನ್ನು ಇನ್ನೂ ಎತ್ತರದ ಕಾಟನ್‌ವುಡ್ ಸರೋವರಗಳಿಗೆ ಒಯ್ದರು. 1910ರ ದಶಕ ಮುಗಿಯುವ ಹೊತ್ತಿಗೆ ರಾಜ್ಯ ಸರ್ಕಾರವೇ ಆ ಸರೋವರಗಳ ಮೀನಿನಿಂದ ಮೊಟ್ಟೆ ತೆಗೆದು, ಮರಿ ಮಾಡಿಸಿ, ಪರ್ವತಸಾಲಿನ ಉದ್ದಕ್ಕೂ ಹಂಚತೊಡಗಿತ್ತು.

ಸಿಯೆರಾದಲ್ಲಿ ಸುಮಾರು 1800 ಮೀಟರಿಗಿಂತ ಮೇಲಿರುವ ಸರೋವರಗಳಲ್ಲಿ ಹೆಚ್ಚುಕಡಿಮೆ ಯಾವುದರಲ್ಲೂ ಮೀನಿರಲಿಲ್ಲ. ಹಿಮಯುಗದ ನೀರ್ಗಲ್ಲು ಬಂಡೆಯನ್ನು ಕೊರೆದು ಮಾಡಿದ ಗುಂಡಿಗಳವು. ಕೆಳಗಿನ ನದಿಯ ಮೀನು ಹತ್ತಿ ಬರದಂತೆ ನಡುವೆ ಕಡಿದಾದ ಜಲಪಾತಗಳಿದ್ದವು. ಹಾಗಾಗಿ ಸಾವಿರಾರು ವರ್ಷ ಅಲ್ಲಿ ಬೇರೆಯದೇ ಬದುಕು ಬೆಳೆದಿತ್ತು. ಬೇಟೆಗಾರ ಮೀನಿನ ಹೆದರಿಕೆಯಿಲ್ಲದೆ ತೇಲುವ, ಬರಿಗಣ್ಣಿಗೂ ಕಾಣುವ ಕೆಂಪು ಬಣ್ಣದ ಪುಟ್ಟ ಕಠಿಣಚರ್ಮಿಗಳು, ಬೇಸಿಗೆಯಲ್ಲಿ ಒಮ್ಮೆಲೇ ರೆಕ್ಕೆ ಬಿಚ್ಚಿ ನೀರಿನಿಂದ ಏಳುವ ಮೇಫ್ಲೈ ನೊಣಗಳು, ನೀರುಜೀರುಂಡೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಕಪ್ಪೆಗಳು.

ಆ ಕಪ್ಪೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಗ್ಲಿಷಿನವರು ಹಳದಿ ಕಾಲಿನ ಪರ್ವತಗಪ್ಪೆ ಎಂದು ಕರೆಯುವ ಇದಕ್ಕೆ ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಬದಿ ಹಳದಿ. ಕೈಯಲ್ಲಿ ಹಿಡಿದರೆ ಬೆಳ್ಳುಳ್ಳಿಯ ವಾಸನೆ ಬಿಡುತ್ತದೆ. ಗಂಡಿಗೆ ಗಂಟಲ ಚೀಲವಿಲ್ಲ, ಬಹುಪಾಲು ನೀರೊಳಗೇ ಕೂಗುತ್ತದೆ. ನಮ್ಮ ಕಡೆ ಮುಂಗಾರಿನ ಹೊಂಡದಲ್ಲಿ ಹುಟ್ಟಿದ ಗೊದಮೊಟ್ಟೆ ಕೆಲವೇ ವಾರಗಳಲ್ಲಿ ಕಪ್ಪೆಯಾಗಿ ಬಿಡುತ್ತದೆ. ಈ ಕಪ್ಪೆಯ ಗೊದಮೊಟ್ಟೆಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷ ಬೇಕು. ಅಷ್ಟೂ ಚಳಿಗಾಲಗಳನ್ನು ಅದು ಹೆಪ್ಪುಗಟ್ಟಿದ ಮಂಜುಗಡ್ಡೆಯ ಕೆಳಗೆ ಕಳೆಯಬೇಕು. ಹಾಗಾಗಿ ತಳದವರೆಗೆ ಹೆಪ್ಪುಗಟ್ಟದ ಆಳದ ಸರೋವರವೇ ಅದಕ್ಕೆ ಗತಿ. ಟ್ರೌಟ್ ಬದುಕುವುದಕ್ಕೂ ಅಂಥ ಸರೋವರವೇ ಬೇಕು. ಮೀನು ಬಂದ ಮೇಲೆ ವರ್ಷಗಟ್ಟಲೆ ಅವಿತು ಕೂರಲು ಗೊದಮೊಟ್ಟೆಗೆ ಜಾಗವೇ ಇಲ್ಲ.

ಮೀನು ಬಿಡುವ ಹುರುಪು ಬಂದದ್ದು ದೇಶದ ಆಚೆ ತುದಿಯಿಂದ. ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದ ಪೂರ್ವ ಕರಾವಳಿಯ ನದಿಗಳಲ್ಲಿ ಸಾಲ್ಮನ್ ಬರಿದಾಗಿತ್ತು. ಗಿರಣಿಗಳ ಒಡ್ಡು, ಕಡಿದ ಕಾಡು, ನದಿಗೆ ಸುರಿದ ಕೊಳೆ, ಕಾರಣಗಳು ಯಾರಿಗೂ ಗುಟ್ಟಾಗಿರಲಿಲ್ಲ. 1857ರಲ್ಲಿ ವರ್ಮಾಂಟ್ ರಾಜ್ಯದ ಶಾಸನಸಭೆಗೆ ಕೃತಕ ಮೀನು ಸಂತಾನೋತ್ಪತ್ತಿಯ ಬಗ್ಗೆ ವರದಿ ಬರೆದ ಜಾರ್ಜ್ ಪರ್ಕಿನ್ಸ್ ಮಾರ್ಷ್ ಈ ಕಾರಣಗಳನ್ನೆಲ್ಲ ಸ್ಪಷ್ಟವಾಗಿ ಗುರುತಿಸಿದ್ದರು. ಆದರೆ ಕೈಗಾರಿಕೆಯನ್ನು ಹಿಂದಕ್ಕೆ ಸರಿಸಲಾಗದು ಎಂಬ ತೀರ್ಮಾನಕ್ಕೂ ಬಂದಿದ್ದರು. ಉಳಿದ ದಾರಿ ಮೊಟ್ಟೆಗಳನ್ನು ತೊಟ್ಟಿಯಲ್ಲಿ ಮರಿಮಾಡಿ ನದಿಗೆ ಬಿಡುವುದು. ಮುಂದಿನ ನೂರು ವರ್ಷದ ದಾರಿ ತಪ್ಪಿದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ಒಡ್ಡಿನ ಒಡೆಯನ ಜೊತೆ ಜಗಳವಾಡದೆ ಮೀನು ತರುವ ಉಪಾಯ ಸಿಕ್ಕಿದ ಮೇಲೆ ನದಿಯನ್ನು ಸರಿಮಾಡುವ ಮಾತು ಹಿಂದಕ್ಕೆ ಬಿತ್ತು.

1871ರಲ್ಲಿ ಅಮೆರಿಕ ಸರ್ಕಾರ ಮೀನು ಆಯೋಗ ರಚಿಸಿ ಪ್ರಾಣಿಶಾಸ್ತ್ರಜ್ಞ ಸ್ಪೆನ್ಸರ್ ಬೇರ್ಡ್ ಅವರ ಕೈಗೆ ಕೊಟ್ಟಿತು. ಮರುವರ್ಷ ಬೇರ್ಡ್, ಹಿಂದೆ ಪಾದ್ರಿಯಾಗಿದ್ದು ಆಮೇಲೆ ಟ್ರೌಟ್ ಸಾಕಣೆಗೆ ಇಳಿದಿದ್ದ ಲಿವಿಂಗ್‌ಸ್ಟನ್ ಸ್ಟೋನ್ ಎಂಬುವರನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು. ಪಶ್ಚಿಮದ ಸಾಲ್ಮನ್ ಮೊಟ್ಟೆಯನ್ನು ಪೂರ್ವದ ನದಿಗಳಿಗೆ ತರಬೇಕಿತ್ತು. ಸ್ಟೋನ್ ಹುಡುಕಿದ ಜಾಗ ಉತ್ತರ ಕ್ಯಾಲಿಫೋರ್ನಿಯಾದ ಮೆಕ್ಲೌಡ್ ನದಿಯ ದಂಡೆ, ವಿನ್ನೆಮೆಮ್ ವಿಂಟು ಬುಡಕಟ್ಟಿನ ನೆಲ. ಆ ಜನರ ಬದುಕೂ ಪೂಜೆಯೂ ಸಾಲ್ಮನ್ ಸುತ್ತಲೇ ಇತ್ತು. ಅಲ್ಲಿ ತೆರೆದ ಮೊಟ್ಟೆ ಕೇಂದ್ರಕ್ಕೆ ಬೇರ್ಡ್ ಅವರ ಹೆಸರಿಟ್ಟರು. ವಿಂಟು ಜನರೇ ಅಲ್ಲಿ ಕೂಲಿ ಮಾಡಿದರು. ಪೂರ್ವದ ನದಿಗಳಿಗೆ ಹೋದ ಸಾಲ್ಮನ್ ಬೇರು ಬಿಡಲಿಲ್ಲ. ಆದರೆ ಅದೇ ನದಿಯಲ್ಲಿ 1879ರಲ್ಲಿ ಸ್ಟೋನ್ ಶುರುಮಾಡಿದ ಟ್ರೌಟ್ ಕೊಳ ಜಗತ್ತನ್ನೇ ಬದಲಿಸಿತು. ರೇನ್‌ಬೋ ಟ್ರೌಟ್ ಇಕ್ಕಟ್ಟಿನ ತೊಟ್ಟಿಯಲ್ಲೂ ಬೆಳೆಯುತ್ತದೆ, ಬೇಗ ದಪ್ಪವಾಗುತ್ತದೆ, ಗಾಳಕ್ಕೆ ಚೆನ್ನಾಗಿ ಕಚ್ಚುತ್ತದೆ, ಕಚ್ಚಿದ ಮೇಲೆ ನೀರಿನಿಂದ ಚಿಮ್ಮಿ ಸೆಣಸುತ್ತದೆ. ಇಂದು ಅಂಟಾರ್ಕ್ಟಿಕಾ ಬಿಟ್ಟರೆ ಅದಿಲ್ಲದ ಖಂಡವಿಲ್ಲ. ಹತ್ತಿರದ ನೀಲಗಿರಿಯ ತಣ್ಣನೆಯ ತೊರೆಗಳಿಗೂ ಬ್ರಿಟಿಷರು ಟ್ರೌಟ್ ತಂದು ಬಿಟ್ಟರು, ಅವಲಾಂಚೆಯಲ್ಲಿ ಮೊಟ್ಟೆಯಿಂದ ಮರಿ ಮಾಡಿಸುವ ಹ್ಯಾಚರಿ ಕಟ್ಟಿದರು. ಇನ್ನು ಮೆಕ್ಲೌಡ್? 1938ರಿಂದ 1945ರವರೆಗೆ ಕಟ್ಟಿದ ಶಾಸ್ತಾ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಕೇಂದ್ರವೂ ವಿಂಟು ಊರುಗಳೂ ಮುಳುಗಿದವು. ಸಾಲ್ಮನ್ ಮೇಲೆ ಬರುವ ದಾರಿ ಮುಚ್ಚಿತು. ಹಿಂದೆ ಅಲ್ಲಿಂದ ಹೋಗಿದ್ದ ಸಾಲ್ಮನ್ ವಂಶ ನ್ಯೂಜಿಲೆಂಡಿನ ನದಿಗಳಲ್ಲಿ ಉಳಿದಿದೆ ಎಂದು ತಿಳಿದು 2010ರಲ್ಲಿ ವಿನ್ನೆಮೆಮ್ ವಿಂಟು ಹಿರಿಯರು ಅಲ್ಲಿಗೆ ಹೋಗಿ, ನದಿಯ ದಡದಲ್ಲಿ ಕುಣಿದು ಮೀನಿನ ಕ್ಷಮೆ ಕೇಳಿ ಬಂದರು.

ಸಿಯೆರಾಕ್ಕೆ ಮರಳೋಣ. ಮೀನಿಲ್ಲದ ಸರೋವರ ಪಾಳು ಬಿದ್ದ ಹೊಲ ಎಂಬುದು ಆ ಕಾಲದ ನಂಬಿಕೆ. ಕುರಿ ಕಾಯುವವರು, ಗಣಿಯವರು, ಬೇಟೆಗಾರರು, ಪರ್ವತಪ್ರೇಮಿಗಳ ಸಂಘ ಸಿಯೆರಾ ಕ್ಲಬ್ಬಿನ ಸದಸ್ಯರು, ಎಲ್ಲರೂ ಕೈಲಾದಷ್ಟು ಮೀನು ಹೊತ್ತರು. 1917ರಲ್ಲಿ ಇಂಡಿಪೆಂಡೆನ್ಸ್ ಎಂಬ ಸಣ್ಣ ಊರಿನ ಹತ್ತಿರ ದಪ್ಪ ಕಲ್ಲುಗೋಡೆಯ ಮೌಂಟ್ ವಿಟ್ನಿ ಹ್ಯಾಚರಿ ಎದ್ದಿತು. ಅದರ ಜಾಗಕ್ಕೆ ಸ್ಥಳೀಯರೇ ಚಂದಾ ಎತ್ತಿದ್ದರು. ಅಲ್ಲಿನ ಮರಿಗಳನ್ನು ಹಾಲಿನ ಕ್ಯಾನುಗಳಿಗೆ ತುಂಬಿ, ಹೇಸರಗತ್ತೆಯ ಎರಡೂ ಬದಿಗೆ ಕಟ್ಟಿ, ಕಣಿವೆಯಿಂದ ಮೇಲಕ್ಕೆ ಹೊಡೆಯುತ್ತಿದ್ದರು. ನಡಿಗೆಯ ಕುಲುಕಾಟದಿಂದಲೇ ನೀರಿಗೆ ಗಾಳಿ ಸೇರಬೇಕು. ಹೇಸರಗತ್ತೆ ತುಂಬ ಹೊತ್ತು ನಿಂತರೆ ಮರಿ ಉಸಿರುಕಟ್ಟಿ ಸಾಯುತ್ತವೆ. ನೀರು ಬಿಸಿಯಾದರೂ ಸಾಯುತ್ತವೆ, ಹಾಗಾಗಿ ದಾರಿಯ ತೊರೆಗಳಲ್ಲಿ ನೀರು ಬದಲಿಸುತ್ತ ಹೋಗಬೇಕು. ಬಡಪಾಯಿ ಮರಿಗಳ ಮೇಲೆ ಅಷ್ಟು ಅಕ್ಕರೆಯಿಟ್ಟು ಬೆಟ್ಟ ಹತ್ತಿದ ಜನ ದುಷ್ಟರೇನಲ್ಲ. ತಾವು ಮುಂದಿನ ಪೀಳಿಗೆಗೆ ಏನೋ ಬಿಟ್ಟು ಹೋಗುತ್ತಿದ್ದೇವೆ ಎಂದೇ ಅವರು ನಂಬಿದ್ದರು.

ಎಚ್ಚರಿಕೆ ಹೇಳಿದವರೇ ಇರಲಿಲ್ಲವೇ? ಇದ್ದರು. ಬರ್ಕ್ಲಿ ವಿಶ್ವವಿದ್ಯಾಲಯದ ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ 1914ರಿಂದ ಕೆಲವು ವರ್ಷ ಸಿಯೆರಾದ ಯೊಸೆಮಿಟಿ ಪ್ರದೇಶವನ್ನು ಸುತ್ತಿ, 1924ರಲ್ಲಿ ಅಲ್ಲಿನ ಪ್ರಾಣಿಜೀವನದ ಬಗ್ಗೆ ದೊಡ್ಡ ಪುಸ್ತಕ ತಂದರು. ಎತ್ತರದ ನೀರಿನಲ್ಲಿ ಅತಿ ಹೆಚ್ಚು ಕಾಣುವ ಕಪ್ಪೆ ಇದೇ ಹಳದಿ ಕಾಲಿನದು ಎಂದು ಅವರು ದಾಖಲಿಸಿದರು. ಟ್ರೌಟ್ ಬಂದ ಸರೋವರದಲ್ಲಿ ಕಪ್ಪೆ ಹೆಚ್ಚು ಕಾಲ ಬಾಳದು ಎಂಬುದನ್ನೂ ಬರೆದರು. ಆ ಮಾತು ಗ್ರಂಥಾಲಯದ ಕಪಾಟಿನಲ್ಲಿ ಎಪ್ಪತ್ತು ವರ್ಷ ಕೂತಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೇಸರಗತ್ತೆಯ ಕೆಲಸವನ್ನು ವಿಮಾನ ವಹಿಸಿಕೊಂಡಿತು. ಬೆರಳುದ್ದಕ್ಕಿಂತ ಸಣ್ಣ ಮರಿಗಳು ಹಗುರಾಗಿರುವುದರಿಂದ ಆಕಾಶದಿಂದ ಸುರಿದರೂ ಬಹುಪಾಲು ಬದುಕುತ್ತವೆ. ಹಿಂದೆ ದಿನಗಟ್ಟಲೆ ನಡೆದು ತಲುಪುತ್ತಿದ್ದ ಸರೋವರಕ್ಕೆ ಈಗ ನಿಮಿಷಗಳಲ್ಲಿ ಮೀನು ಬಿತ್ತಬಹುದಿತ್ತು. ಬಿತ್ತುವುದಕ್ಕೆ ಹಣವೂ ಬಂತು. 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಗಾಳದ ಕೋಲು, ರೀಲು, ಕೃತಕ ಹುಳುಗಳ ಮೇಲೆ ಶೇ 10ರ ಸುಂಕ ಹಾಕಿ, ಅದನ್ನು ರಾಜ್ಯಗಳ ಮೀನು ಇಲಾಖೆಗಳಿಗೆ ಹಂಚಿತು. ಗಾಳದವರು ಹೆಚ್ಚಿದರೆ ಪರವಾನಗಿ ಶುಲ್ಕ ಹೆಚ್ಚುತ್ತದೆ, ಸುಂಕ ಹೆಚ್ಚುತ್ತದೆ, ಇಲಾಖೆ ಇನ್ನಷ್ಟು ಮರಿ ಬಿಡುತ್ತದೆ, ಮರಿ ಹೆಚ್ಚಿದರೆ ಗಾಳದವರೂ ಹೆಚ್ಚುತ್ತಾರೆ. ಈ ಲೆಕ್ಕದ ಪುಸ್ತಕದಲ್ಲಿ ಕಪ್ಪೆಗೆ ಕಾಲಮ್ಮೇ ಇರಲಿಲ್ಲ. 1964ರ ವನ್ಯಪ್ರದೇಶ ಕಾಯ್ದೆ ಸಿಯೆರಾದ ದೊಡ್ಡ ಭಾಗಕ್ಕೆ ರಕ್ಷಣೆ ಕೊಟ್ಟಿತಾದರೂ ಮೀನಿನ ಅಧಿಕಾರ ರಾಜ್ಯದ ಕೈಯಲ್ಲೇ ಉಳಿದು, ವಿಮಾನಗಳು ಹಾರುತ್ತಲೇ ಇದ್ದವು.

ಈ ಧೋರಣೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ವ್ಯೋಮಿಂಗ್ ಮತ್ತು ಯೂಟಾ ರಾಜ್ಯಗಳು 1962ರ ಸೆಪ್ಟೆಂಬರಿನಲ್ಲಿ ತೋರಿಸಿದವು. ಗ್ರೀನ್ ನದಿಗೆ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟು ಮುಗಿಯುತ್ತಿತ್ತು. ಹೊಸ ಜಲಾಶಯಕ್ಕೆ ರೇನ್‌ಬೋ ಟ್ರೌಟ್ ಬಿಡುವ ಮೊದಲು ನದಿಯ ‘ಕೆಲಸಕ್ಕೆ ಬಾರದ’ ಮೀನುಗಳನ್ನು ತೊಲಗಿಸಬೇಕೆಂದು ಸುಮಾರು 700 ಕಿ.ಮೀ. ಉದ್ದದ ನದಿ ಮತ್ತು ಉಪನದಿಗಳಿಗೆ ರೊಟಿನೋನ್ ಎಂಬ, ಬೇರಿನಿಂದ ತೆಗೆದ ವಿಷ ಸುರಿದರು. ಕೆಳಗೆ ವಿಷ ಮುರಿಯಲು ಮಾಡಿದ್ದ ಏರ್ಪಾಡು ಪೂರ್ತಿ ಫಲಿಸದೆ, ವಿಷ ಡೈನೋಸಾರ್ ರಾಷ್ಟ್ರೀಯ ಸ್ಮಾರಕದ ಒಳಗೂ ಹರಿಯಿತು. ಗ್ರೀನ್ ಸೇರುವ ಕೊಲೊರಾಡೋ ನದೀಜಾಲದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಬೋನಿಟೇಲ್, ಗೂನುಬೆನ್ನಿನ ಚಬ್, ರೇಜರ್‌ಬ್ಯಾಕ್ ಸಕ್ಕರ್, ಪೈಕ್‌ಮಿನ್ನೋ ಎಂಬ ನಾಲ್ಕು ಮೀನುಗಳಿಗೂ ಏಟು ಬಿತ್ತು. ಮುಂದೆ ಅವು ನಾಲ್ಕೂ ಅಪಾಯದ ಪಟ್ಟಿ ಸೇರಿದವು. ಅವುಗಳ ಅವನತಿಗೆ ವಿಷಕ್ಕಿಂತ ಅಣೆಕಟ್ಟಿನ ತಣ್ಣೀರೇ ದೊಡ್ಡ ಕಾರಣ ಎಂದು ವಾದಿಸುವವರಿದ್ದಾರೆ. ಅದು ನಿಜವೇ ಇರಬಹುದು. ಆದರೆ ಸರ್ಕಾರವೇ ಒಂದು ನದಿಯ ಸ್ವಂತ ಮೀನುಗಳನ್ನು ಕೊಂದು ತೊಟ್ಟಿಯ ಮೀನಿಗೆ ಜಾಗ ಮಾಡಿಕೊಟ್ಟಿತು ಎಂಬ ಸುದ್ದಿ ಆಗಿನ ವಿಜ್ಞಾನಿಗಳನ್ನೂ ಒಳಾಡಳಿತ ಕಾರ್ಯದರ್ಶಿ ಸ್ಟೀವರ್ಟ್ ಯೂಡಾಲ್ ಅವರನ್ನೂ ಕಲಕಿತು. 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯ ಹಿಂದೆ ಕೂಡಿಬಂದ ತಳಮಳದಲ್ಲಿ ಗ್ರೀನ್ ನದಿಯ ಪಾಲೂ ಇತ್ತು.

ಗಾಳದವರ ದೃಷ್ಟಿಯಿಂದಲೂ ಬಿತ್ತನೆ ಲಾಭವೇ ಎಂಬ ಪ್ರಶ್ನೆ ಎದ್ದದ್ದು ಮೊಂಟಾನಾದಲ್ಲಿ. ಅಲ್ಲಿನ ಮೀನು ಜೀವಶಾಸ್ತ್ರಜ್ಞ ಡಿಕ್ ವಿನ್ಸೆಂಟ್ ಮ್ಯಾಡಿಸನ್ ನದಿ ಮತ್ತು ಓಡೆಲ್ ತೊರೆಯಲ್ಲಿ ವರ್ಷಗಟ್ಟಲೆ ಎಣಿಸಿ ನೋಡಿದಾಗ, ಹ್ಯಾಚರಿ ಮೀನು ಬಿಟ್ಟ ಕಡೆ ನದಿಯಲ್ಲೇ ಹುಟ್ಟಿದ ಟ್ರೌಟ್ ಕಡಿಮೆಯಾಗುತ್ತಿದ್ದವು, ಬಿಡುವುದು ನಿಂತ ಕಡೆ ಹೆಚ್ಚುತ್ತಿದ್ದವು. 1974ರಲ್ಲಿ ಮೊಂಟಾನಾ ತನ್ನ ನದಿಗಳಿಗೆ ಟ್ರೌಟ್ ಬಿಡುವುದನ್ನು ಕೈಬಿಟ್ಟಿತು. ಅಂಗಡಿಯವರೂ ಗಾಳದವರೂ ಕೂಗಾಡಿದರು. ಆದರೂ ಗಾಳದ ಮೋಜಿಗೆ ಮೊಂಟಾನಾ ಇಂದಿಗೂ ಹೆಸರುವಾಸಿ.

ಕಪ್ಪೆಯ ಸಂಗತಿ ಸಾರ್ವಜನಿಕವಾಗಿ ಬಯಲಾದದ್ದು 1990ರ ದಶಕದಲ್ಲಿ. ಚಾರ್ಲ್ಸ್ ಡ್ರಾಸ್ಟ್ ಮತ್ತು ಗ್ಯಾರಿ ಫೆಲ್ಲರ್ಸ್ ಎಂಬ ಇಬ್ಬರು ಜೀವಶಾಸ್ತ್ರಜ್ಞರು ಗ್ರಿನೆಲ್ ಮತ್ತು ಸ್ಟೋರರ್ ಹೋದ ಜಾಗಗಳಿಗೇ ಮತ್ತೆ ಹೋಗಿ ಹುಡುಕಿದರು. ಒಂದು ಕಾಲಕ್ಕೆ ಎಲ್ಲಕ್ಕಿಂತ ಹೆಚ್ಚಿದ್ದ ಕಪ್ಪೆ ಬಹುತೇಕ ಮಾಯವಾಗಿತ್ತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಹೊಲಗಳಿಂದ ಗಾಳಿಯಲ್ಲಿ ತೇಲಿ ಬರುವ ಕೀಟನಾಶಕ ಎಂದರು ಕೆಲವರು, ಓಜೋನ್ ಪದರ ತೆಳುವಾಗಿ ಹೆಚ್ಚಿದ ಅತಿನೇರಳೆ ಕಿರಣ ಎಂದರು ಇನ್ನು ಕೆಲವರು. ರೋಲಂಡ್ ನ್ಯಾಪ್ ಮತ್ತು ಕ್ಯಾಥ್ಲೀನ್ ಮ್ಯಾಥ್ಯೂಸ್ ಇದಕ್ಕೊಂದು ಸರಳ ಪರೀಕ್ಷೆ ಕಂಡುಕೊಂಡರು. ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಮತ್ತು ಜಾನ್ ಮ್ಯೂರ್ ವನ್ಯಪ್ರದೇಶ ಅಕ್ಕಪಕ್ಕದಲ್ಲಿವೆ. ಗಾಳಿ ಒಂದೇ, ಬಿಸಿಲು ಒಂದೇ. ಉದ್ಯಾನದ ಬಹಳಷ್ಟು ಸರೋವರಗಳಲ್ಲಿ ಮೀನಿಲ್ಲ, ವನ್ಯಪ್ರದೇಶದ ಬಹಳಷ್ಟರಲ್ಲಿ ಮೀನಿದೆ. ಎರಡೂ ಕಡೆ ಸೇರಿ 1700ಕ್ಕೂ ಹೆಚ್ಚು ನೀರಿನ ತಾಣಗಳನ್ನು ಕಾಲ್ನಡಿಗೆಯಲ್ಲಿ ಸಮೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸಂದೇಹಕ್ಕೆ ಹೆಚ್ಚು ಜಾಗವಿರಲಿಲ್ಲ: ಮೀನಿದ್ದಲ್ಲಿ ಕಪ್ಪೆ ಅಪರೂಪ, ಮೀನಿಲ್ಲದಲ್ಲಿ ಕಪ್ಪೆಯಿದೆ.

ನಷ್ಟ ಕಪ್ಪೆಗೇ ಮುಗಿಯಲಿಲ್ಲ. ಕಪ್ಪೆ ತಿಂದು ಬದುಕುತ್ತಿದ್ದ ಗಾರ್ಟರ್ ಹಾವೂ ಕಪ್ಪೆಯ ಜೊತೆಗೇ ಕಡಿಮೆಯಾಯಿತು. ಮೇಫ್ಲೈ ನೊಣಗಳು ರೆಕ್ಕೆ ಬಿಚ್ಚಿ ಏಳುವ ಮೊದಲೇ ಟ್ರೌಟ್ ಬಾಯಿಗೆ ಹೋಗುವುದರಿಂದ, ಆ ನೊಣಗಳನ್ನು ಹೆಕ್ಕಿ ಮರಿಗೆ ಉಣಿಸುವ ರೋಸಿ ಫಿಂಚ್ ಎಂಬ ಪರ್ವತಹಕ್ಕಿ ಮೀನಿಲ್ಲದ ಸರೋವರಗಳ ಬಳಿ ಸುಮಾರು ಆರು ಪಟ್ಟು ಹೆಚ್ಚು ಕಾಣುತ್ತದೆ ಎಂದು 2010ರ ಒಂದು ಅಧ್ಯಯನ ತೋರಿಸಿತು. ನೀರಿಗೆ ಬಿಟ್ಟ ಮೀನು ಆಕಾಶದ ಹಕ್ಕಿಯ ಅನ್ನಕ್ಕೂ ಕೈ ಹಾಕಿತ್ತು. ಮೀನೇ ಮೀನಿಗೆ ಮಾಡಿದ ಕೇಡೂ ಇದೆ. ಕ್ಯಾಲಿಫೋರ್ನಿಯಾ 1947ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ ಗೋಲ್ಡನ್ ಟ್ರೌಟ್ ತನ್ನ ತವರಾದ ಕರ್ನ್ ನದಿಯ ದಕ್ಷಿಣ ಕವಲಿನಲ್ಲೇ ಹ್ಯಾಚರಿ ರೇನ್‌ಬೋ ಜೊತೆ ಬೆರಕೆಯಾಗಿದೆ. ದಶಕಗಳ ಕಾಲ ಶುದ್ಧ ತಳಿಯೆಂದು ಮೊಟ್ಟೆ ತೆಗೆದ ಕಾಟನ್‌ವುಡ್ ಸರೋವರಗಳಲ್ಲೂ ಬೆರಕೆ ಪತ್ತೆಯಾಯಿತು.

ಇದಕ್ಕೆ ಹೊಂದದ ಒಂದು ಘಟನೆಯನ್ನೂ ಇಲ್ಲಿ ಹೇಳಬೇಕು. ಸಿಯೆರಾದ ಸಿಲ್ವರ್ ಕಿಂಗ್ ತೊರೆಯ ಪೈಯೂಟ್ ಕಟ್‌ಥ್ರೋಟ್ ಟ್ರೌಟ್ ಜಗತ್ತಿನ ಅತಿ ಅಪರೂಪದ ಟ್ರೌಟ್‌ಗಳಲ್ಲಿ ಒಂದು. ಅದರ ತವರಿಗೆ ಬೇರೆ ಟ್ರೌಟ್ ಬಿಟ್ಟಿದ್ದರಿಂದ ಅಲ್ಲಿ ಅದು ಬೆರಕೆಯಾಗಿ ಅಳಿಯಿತು. ಆದರೆ 1912ರಲ್ಲಿ ಒಬ್ಬ ಬಾಸ್ಕ್ ಕುರಿಗಾಹಿ ಜಲಪಾತದ ಮೇಲಿನ, ಮೀನಿಲ್ಲದ ಭಾಗಕ್ಕೆ ಕೆಲವನ್ನು ಎತ್ತಿ ಬಿಟ್ಟಿದ್ದ. ಆ ತಳಿ ಉಳಿದದ್ದು ಆ ಮೀನುಗಳಿಂದ. 2019ರಲ್ಲಿ ಅವುಗಳ ವಂಶವನ್ನು ಹಳೆಯ ತವರಿಗೆ ಮರಳಿ ಬಿಡಲಾಯಿತು.

ರಾಷ್ಟ್ರೀಯ ಉದ್ಯಾನಗಳಲ್ಲಿ ಬಿತ್ತನೆ ನಿಂತದ್ದು ತಡವಾಗಿ. ಸಿಕ್ವೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್‌ನಲ್ಲಿ 1988ರಲ್ಲಿ, ಯೊಸೆಮಿಟಿಯಲ್ಲಿ 1991ರಲ್ಲಿ. ಬಿತ್ತುವುದು ನಿಂತರೂ ಬಹಳಷ್ಟು ಸರೋವರಗಳಲ್ಲಿ ಟ್ರೌಟ್ ತಾವೇ ಮೊಟ್ಟೆಯಿಟ್ಟು ಮುಂದುವರಿದವು. ಆಗ ಸಂಶೋಧಕ ವ್ಯಾನ್ಸ್ ವ್ರೆಡನ್‌ಬರ್ಗ್ ಕಿಂಗ್ಸ್ ಕ್ಯಾನ್ಯನ್‌ನ ಸಿಕ್ಸ್ಟಿ ಲೇಕ್ ಕಣಿವೆಯ ಕೆಲವು ಸರೋವರಗಳಿಗೆ ಬಲೆ ಹಾಕಿ ಮೀನೆಲ್ಲ ತೆಗೆದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶ ಎಲ್ಲರಿಗೂ ಧೈರ್ಯ ತಂದಿತು. ಮೀನು ಹೋದ ಮೂರೇ ವರ್ಷದಲ್ಲಿ ಕಪ್ಪೆಗಳ ಸಂಖ್ಯೆ, ಎಂದೂ ಮೀನಿಲ್ಲದ ಸರೋವರಗಳಿಗೆ ಸಮವಾಗಿತ್ತು.

ಆ ಸಂತೋಷ ನಿಲ್ಲಲಿಲ್ಲ. ಅದೇ ವರ್ಷಗಳಲ್ಲಿ ಕಪ್ಪೆಯ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಕಣಿವೆಯಿಂದ ಕಣಿವೆಗೆ ದಾಟುತ್ತಿತ್ತು. ಸಿಕ್ಸ್ಟಿ ಲೇಕ್, ಮೈಲ್‌ಸ್ಟೋನ್, ಬ್ಯಾರೆಟ್ ಕಣಿವೆಗಳಲ್ಲಿ ಅದು ನುಗ್ಗಿ, ಸಾವಿರಾರು ಕಪ್ಪೆಗಳಿದ್ದ ಸರೋವರಗಳ ದಡದಲ್ಲಿ ಹೆಣಗಳನ್ನು ಬಿಟ್ಟು ಹೋಯಿತು. ಹಾಗಾದರೆ ತಪ್ಪು ಶಿಲೀಂಧ್ರದ್ದೇ, ಮೀನಿನದ್ದಲ್ಲ ಎಂದು ಗಾಳದವರ ಪರ ಮಾತಾಡುವವರು ಹೇಳಿದರು. ಈ ವಾದವನ್ನು ನಾನು ಒಪ್ಪಲಾರೆ. ಮೊದಲು ಕಪ್ಪೆ ಸರೋವರದಿಂದ ಸರೋವರಕ್ಕೆ ತೊರೆಗಳ ಮೂಲಕ ಓಡಾಡುತ್ತಿತ್ತು. ಒಂದು ಕಡೆ ಸತ್ತರೆ ಇನ್ನೊಂದು ಕಡೆಯಿಂದ ಬಂದು ತುಂಬುತ್ತಿತ್ತು. ದೊಡ್ಡ ಸರೋವರಗಳನ್ನೂ ನಡುವಿನ ತೊರೆಗಳನ್ನೂ ಮೀನು ಆಕ್ರಮಿಸಿದ ಮೇಲೆ ಉಳಿದ ಕಪ್ಪೆಗಳು ಮೂಲೆಯ ಕೊಳಗಳಲ್ಲಿ ಒಂಟಿಯಾದವು. ರೋಗ ಬಂದಾಗ ಮರಳಿ ತುಂಬುವವರೇ ಇರಲಿಲ್ಲ. ಕಪ್ಪೆ ತನ್ನ ಹಳೆಯ ನೆಲೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಕಡೆ ಇಲ್ಲವಾಯಿತು.

ಉದ್ಯಾನಗಳ ಹೊರಗೆ ನಿರ್ಧಾರ ಆದದ್ದು ನ್ಯಾಯಾಲಯದಲ್ಲಿ. 2006ರಲ್ಲಿ ಎರಡು ಪರಿಸರ ಸಂಸ್ಥೆಗಳು ಕ್ಯಾಲಿಫೋರ್ನಿಯಾದ ಮೀನು ಇಲಾಖೆಯ ಮೇಲೆ ಮೊಕದ್ದಮೆ ಹೂಡಿದವು. ಪರಿಸರ ಪರಿಣಾಮದ ಅಧ್ಯಯನವಿಲ್ಲದೆ ಮೀನು ಬಿತ್ತುವಂತಿಲ್ಲ ಎಂಬ ಅವರ ವಾದವನ್ನು ನ್ಯಾಯಾಲಯ ಎತ್ತಿಹಿಡಿಯಿತು. ನೂರಕ್ಕೂ ಹೆಚ್ಚು ವರ್ಷ ನಡೆದ ಕೆಲಸದ ಮೊದಲ ಪೂರ್ಣ ಪರಿಣಾಮ ವರದಿ 2010ರಲ್ಲಿ ಬಂತು. 2014ರಲ್ಲಿ ಸಿಯೆರಾದ ಹಳದಿ ಕಾಲಿನ ಕಪ್ಪೆ ಕೇಂದ್ರ ಸರ್ಕಾರದ ಅಳಿವಿನಂಚಿನ ಪಟ್ಟಿಗೆ ಸೇರಿತು.

ಇಂದು ಮೀನು ತೆಗೆಯುವ ಕೆಲಸ ಬಿತ್ತಿದ ಕೆಲಸಕ್ಕಿಂತ ಎಷ್ಟೋ ಪಟ್ಟು ಕಷ್ಟದ್ದು. ಬೇಸಿಗೆಯಲ್ಲಿ ಸಿಬ್ಬಂದಿ ಬೆಟ್ಟದ ಮೇಲೆ ಡೇರೆ ಹಾಕಿ, ಮೀನಿನ ಕಿವಿರು ಸಿಕ್ಕಿಕೊಳ್ಳುವ ತೆಳು ಬಲೆಗಳನ್ನು ಎಳೆಯುತ್ತಾರೆ. ಕೆಲವು ಬಲೆಗಳನ್ನು ಮಂಜುಗಡ್ಡೆಯ ಕೆಳಗೆ ಇಡೀ ಚಳಿಗಾಲ ಬಿಡುತ್ತಾರೆ. ತೊರೆಗಳಲ್ಲಿ ವಿದ್ಯುತ್ ಹಾಯಿಸಿ ಮೀನನ್ನು ಮಂಕಾಗಿಸಿ ಎತ್ತುತ್ತಾರೆ. ಒಂದು ಸರೋವರ ಪೂರ್ತಿ ಖಾಲಿಯಾಗಲು ವರ್ಷಗಳು ಹಿಡಿಯುತ್ತವೆ. ಆಳದ, ದೊಡ್ಡ ಸರೋವರಗಳಲ್ಲಿ ಬಲೆ ಸಾಕಾಗುವುದೂ ಇಲ್ಲ. ಆದರೂ ಫಲ ಕಾಣುತ್ತಿದೆ. ಇಪ್ಪತ್ತು ವರ್ಷಗಳಲ್ಲಿ ನಡೆದ 7000ಕ್ಕೂ ಹೆಚ್ಚು ಸಮೀಕ್ಷೆಗಳನ್ನು ಆಧರಿಸಿ 2016ರಲ್ಲಿ ನ್ಯಾಪ್ ಮತ್ತು ಜೊತೆಗಾರರು ಯೊಸೆಮಿಟಿಯಲ್ಲಿ ಕಪ್ಪೆಗಳ ಸಂಖ್ಯೆ ಏಳು ಪಟ್ಟಾಗಿದೆ ಎಂದು ವರದಿ ಮಾಡಿದರು. ಅಲ್ಲಿ ಶಿಲೀಂಧ್ರವನ್ನು ತಾಳಿಕೊಂಡು ಬದುಕಿದ ಕಪ್ಪೆಗಳನ್ನು ಎತ್ತಿ ಬೇರೆ ಸರೋವರಗಳಿಗೆ ಬಿಟ್ಟಾಗ ಅಲ್ಲೂ ಬೇರೂರುತ್ತಿವೆ ಎಂದು 2024ರ ಅವರ ಇನ್ನೊಂದು ವರದಿ ಹೇಳಿತು.

ಸಿಯೆರಾಕ್ಕೆ ಒಂದು ಅನುಕೂಲವಿದೆ. ಸರೋವರಕ್ಕೆ ದಡವಿದೆ, ಬಹಳಷ್ಟು ಕಡೆ ಕೆಳಗೆ ಜಲಪಾತವಿದೆ, ಅಲ್ಲಿ ತೆಗೆದ ಮೀನು ಮತ್ತೆ ಹತ್ತಿ ಬರದು. ನಮ್ಮ ಕಾವೇರಿಗೆ ಆ ಅನುಕೂಲವಿಲ್ಲ. ಇಲ್ಲಿಯೂ ಇದೇ ಬಗೆಯ ಬಿತ್ತನೆ, ಅದೂ ಒಳ್ಳೆಯ ಉದ್ದೇಶದಿಂದಲೇ ನಡೆಯಿತು. ಮಹಶೀರ್ ಎಂಬ ದೊಡ್ಡ ಮೀನು ಕಡಿಮೆಯಾಗುತ್ತಿದೆ ಎಂದು ಲೋಣಾವಳದ ಹ್ಯಾಚರಿಯಲ್ಲಿ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಕಾವೇರಿ ದಡದ ಗಾಲಿಬೋರೆಯ ಗಾಳದ ಶಿಬಿರದಲ್ಲಿ ಹಿಡಿದು ಬಿಟ್ಟ ಮೀನುಗಳ 1998ರಿಂದ 2012ರವರೆಗಿನ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರರು ತೆರೆದು ನೋಡಿದಾಗ, ನೀಲಿ ರೆಕ್ಕೆಯದು ಏರುತ್ತಾ ಕಾವೇರಿಯ ಸ್ವಂತದ ಗೂನುಬೆನ್ನಿನ ಮಹಶೀರ್ ಇಳಿಯುತ್ತಾ ಬಂದದ್ದು ಕಂಡಿತು. ಆ ದೈತ್ಯ ಮೀನಿನ ವೈಜ್ಞಾನಿಕ ಗುರುತು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದ ಅಂಚಿನ ಪಟ್ಟಿಗೂ ಸೇರಿತು. ಕಾವೇರಿ ಜಾಲದ ಮೋಯಾರ್ ನದಿಯಂಥ ಕೆಲವೇ ಕಡೆ ಅದು ಉಳಿದಿದೆ. ನೂರಾರು ಕಿ.ಮೀ. ಹರಿಯುವ ಕಾವೇರಿಯಿಂದ ನೀಲಿ ರೆಕ್ಕೆಯ ಮೀನನ್ನು ಬಲೆ ಹಾಕಿ ಹೊರತೆಗೆಯಲು ಯಾರಿಂದಲೂ ಆಗದು. ಕೈಯಲ್ಲಿರುವುದು ಉಳಿದ ಹೊಳೆಗಳಿಗೆ ಅದನ್ನು ಬಿಡದಿರುವುದು, ಮತ್ತು ಮೋಯಾರಿನ ನೀರು ಬತ್ತದಂತೆ, ಅಲ್ಲಿ ಸಿಡಿಮದ್ದಿನ ಮೀನುಬೇಟೆ ನಡೆಯದಂತೆ ನೋಡಿಕೊಳ್ಳುವುದು.